ವಿಮಾನ ಹತ್ತಿ ಹೋಗುವ ಕಮಲಾಪುರ

ಮೊದಲೇ ಹೇಳಿಬಿಡುತ್ತೇನೆ, ನಾನು ಹೋಗಿ ಬಂದ ದೇಶದ ಹೆಸರು ಇಲ್ಲಿ ಬರುವುದಿಲ್ಲ. ಅರವತ್ತು ದಾಟಿದ ಮೇಲೆ ಮೊದಲ ಸಲ ವಿಮಾನ ಹತ್ತಿದವಳು ನಾನು. ಹೆಸರು ಹೇಳಿ ಸ್ವಲ್ಪ ಮೆರೆಯಬೇಕೆಂಬ ಆಸೆ ನನಗೂ ಇದೆ. ಆದರೆ ಬರೆಯುವ ಮುಂಚೆಯೇ ಮಗಳು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಅಲ್ಲಿ ಭತ್ತ ಬೆಳೆಯುತ್ತಾರೆ, ಊರ ಮಗ್ಗುಲಲ್ಲಿ ದೊಡ್ಡ ನದಿ ಇದೆ, ಮೊಮ್ಮಕ್ಕಳನ್ನು ಕಂಡ ಮುದುಕಿಯರು ಸ್ಕೂಟರ್ ಓಡಿಸುತ್ತಾರೆ. ಇದರ ಮೇಲೆ ಕೇಳಬೇಡಿ. ನಮ್ಮ ಮನೆಯಲ್ಲಿ ಆ ದೇಶಕ್ಕೆ ಕಮಲಾಪುರ ಎನ್ನುತ್ತೇವೆ.

ಕಲಬುರಗಿ

ನನ್ನ ಮಗಳು ಪ್ರೇಮಾ, ಅಳಿಯ ದಿನಕರ ಇಬ್ಬರೂ ಮಿಷನರಿಗಳು. ಮಿಷನರಿ ಅಂದರೆ ಬಿಳಿ ನಿಲುವಂಗಿ ತೊಟ್ಟು ಬಂದ ಬಿಳಿಯರು ಎಂದೇ ಜನ ತಿಳಿಯುತ್ತಾರೆ. ನಮ್ಮ ಅಜ್ಜಿಯ ಕಾಲಕ್ಕೆ ಅದು ಖರೆ. ಈಗ ಕಲಬುರಗಿಯ ಹುಡುಗಿಯೇ ಗಂಡ ಮಗಳ ಸಮೇತ ದೂರದ ದೇಶಕ್ಕೆ ಹೋಗಿ ಕೂತಿದ್ದಾಳೆ. ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ದಿನಕರ ವ್ಯಾಯಾಮ ಮಾಡಿಸುತ್ತಾನೆ, ಪ್ರೇಮಾ ಪಾಠ ಹೇಳುತ್ತಾಳೆ. ಸರಕಾರಕ್ಕೆ ಗೊತ್ತಿರುವ ಕೆಲಸ ಅದು. ಭಾನುವಾರ ನಾಲ್ಕಾರು ಮನೆಯವರು ಇವರ ಅಡಿಗೆಮನೆಯಲ್ಲಿ ಕೂಡಿ ಪ್ರಾರ್ಥನೆ ಮಾಡುತ್ತಾರೆ. ಅದು ಗೊತ್ತಾಗಬಾರದ ಕೆಲಸ.

ಹಾಗಾಗಿ ಫೋನಿನಲ್ಲಿ ಕೆಲವು ಮಾತು ಆಡುವಂತಿಲ್ಲ. ಹೊರಡುವ ಮುಂಚೆ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯ ಹಾಲಿನಲ್ಲಿ ಕೂತು ನಾಲ್ಕು ಗುಟ್ಟಿನ ಮಾತು ಗೊತ್ತು ಮಾಡಿಕೊಂಡೆವು. ದೇವರಿಗೆ ‘ಅಪ್ಪ’. ಪ್ರಾರ್ಥನೆಗೆ ‘ಅಪ್ಪನ ಜೋಡಿ ಮಾತಾಡೋದು’. ಆ ದೇಶಕ್ಕೆ ಕಮಲಾಪುರ, ಏಕೆಂದರೆ ಅದು ನನ್ನ ತವರು, ಪ್ರೇಮಾ ಹುಟ್ಟಿದ ಊರು. ಅಲ್ಲಿ ಇರಲು ಬೇಕಾದ ಪರವಾನಗಿ ಕಾಗದದ ತಂಟೆ ಬಂದರೆ ‘ಜ್ವರ’.

ಈ ಕಡೆಯದಕ್ಕೆ ನಾನು ಒಪ್ಪಿರಲಿಲ್ಲ. ನಾನು ನರ್ಸ್ ಆಗಿ ನಿವೃತ್ತಳಾದವಳು. "ಇಷ್ಟು ರೋಗ ಅವ, ಜ್ವರನೇ ಬೇಕೇನು?" ಎಂದು ಜಗಳ ತೆಗೆದೆ. ದಿನಕರ ನಕ್ಕ. "ಜ್ವರ ಅಂದ್ರ ಯಾರಿಗೂ ಸಂಶಯ ಬರಂಗಿಲ್ರಿ ಅತ್ತಿ. ಮನ್ಯಾಗ ಸಣ್ಣ ಕೂಸು ಅದ."

‘ಅಪ್ಪ’ ಎಂಬ ಮಾತಿಗೂ ನನ್ನ ಯಜಮಾನರು ತಕರಾರು ಎತ್ತಿದ್ದರು. ಮಗಳು ಅವರನ್ನೂ ಅಪ್ಪ ಎಂದೇ ಕರೆಯುವುದು. "ಯಾವ ಅಪ್ಪ ಅಂತ ನನಗ ಹೆಂಗ ತಿಳೀಬೇಕು?" ಎಂದರು. "ನಿಮಗ ‘ಅಂದಾರ’ ಅಂತೀನಿ, ಆತಗ ‘ಅಂದಾನ’ ಅಂತೀನಿ" ಎಂದು ಪ್ರೇಮಾ ಬಗೆಹರಿಸಿದಳು. ಹೆತ್ತ ಅಪ್ಪನಿಗೆ ಬಹುವಚನ, ದೇವರಿಗೆ ಏಕವಚನ. ನಮ್ಮ ಯಜಮಾನರಿಗೆ ಇದು ಬಹಳ ಹಿಡಿಸಿತು.

ಯಜಮಾನರು ಪಿ.ಟಿ. ಮಾಸ್ತರರಾಗಿದ್ದವರು. ಅವರ ಪಿಸುಮಾತು ಊರ ನಡುವಿನ ಜಗತ್ ಸರ್ಕಲ್ಲಿಗೆ ಕೇಳಿಸುತ್ತದೆ. ಪಕ್ಕದ ಮನೆಯ ಸುಧಾಬಾಯಿ "ಮಗಳು ಎಲ್ಲಿದ್ದಾಳ್ರಿ ಮಾಸ್ತರ?" ಎಂದಾಗ ಗಾಬರಿಯಲ್ಲಿ "ಕಮಲಾಪುರದಾಗ" ಎಂದುಬಿಟ್ಟರು. ಕಮಲಾಪುರ ಇಲ್ಲಿಂದ ಒಂದು ತಾಸಿನ ಬಸ್ಸಿನ ಹಾದಿ. ಅಂದಿನಿಂದ ಸುಧಾಬಾಯಿ ನನ್ನನ್ನು ಕಂಡಾಗಲೆಲ್ಲ ಮುಖ ಸಣ್ಣದು ಮಾಡಿ ಕೇಳುತ್ತಾರೆ, "ಇಷ್ಟು ಸಮೀಪ ಇದ್ದೂ ಮಗಳು ಯಾಕ ಬರವಲ್ಲಳ್ರಿ? ಏನರ ಮನಸ್ತಾಪ ಏನು?"  ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದೆ.

ಹೀಗಿರುವಾಗ ಒಂದು ದಿನ ಮಗಳ ಮೆಸೇಜು ಬಂತು. ‘ಮುನ್ನಿಗೆ ಜ್ವರ ಬಂದದ. ಅಪ್ಪನ ಜೋಡಿ ಮಾತಾಡ್ರಿ.’ ಮುನ್ನಿ ಅಂದರೆ ನನ್ನ ಮೊಮ್ಮಗಳು, ಇನ್ನೂ ಒಂದನೇ ಕ್ಲಾಸಿನ ಕೂಸು.

ಫೋನು ಹಿಡಿದು ಯಜಮಾನರ ಹತ್ತಿರ ಓಡಿದೆ. ಯಜಮಾನರು ನಿರಾಳವಾಗಿ ಕನ್ನಡಕ ತೆಗೆದಿಟ್ಟು "ಕಾಗದದ ತಂಟಿ ಬಂದದ" ಎಂದರು. ಕೂಸಿನ ಹೆಸರು ಯಾಕೆ ಹಾಕಿದ್ದಾಳೆ ಎಂದು ನಾನು. ಸಂಶಯ ಬರಬಾರದು ಅಂತ ಎಂದು ಅವರು. ತಡೆಯಲಾರದೆ ಫೋನು ಹಚ್ಚಿದೆ.

"ಪ್ರೇಮಾ, ಜ್ವರ ಖರೇನ ಏನವ್ವ?"

"ಖರೇನ ಅವ್ವ."

"ಅಂದ್ರ ಮೈ ಬಿಸಿ ಜ್ವರ ಏನು, ಆ ಜ್ವರ ಏನು?"

 "ಜ್ವರ ಅಂದ್ರ ಜ್ವರ ಅವ್ವ. ಫೋನಿನ್ಯಾಗ ಭಾಳ ಬ್ಯಾಡ."

ಯಜಮಾನರು ಫೋನು ಕಸಿದುಕೊಂಡು "ಟೆಂಪ್ರೇಚರ್ ಎಷ್ಟದ?" ಎಂದು ಮೈದಾನದಲ್ಲಿ ನಿಂತವರ ಹಾಗೆ ಕೂಗಿದರು. "ಒದರಬ್ಯಾಡ್ರಿ ಅಪ್ಪಾ" ಎಂದಳು, ಲೈನು ಹೋಯಿತು. ಆಮೇಲೆ ಎಷ್ಟು ಹಚ್ಚಿದರೂ ಹತ್ತಲಿಲ್ಲ. ಅವತ್ತು ನಮ್ಮ ಚರ್ಚಿನ ಹೆಂಗಸರು ಪರವಾನಗಿಗಾಗಿ ಪ್ರಾರ್ಥನೆ ಮಾಡಿದರು. ನಾನು ಅವರ ನಡುವೆ ಕೂತು ಕೂಸಿನ ಮೈ ತಣ್ಣಗಾಗಲಿ ಎಂದು ಬೇಡಿದೆ. ಇಬ್ಬರಲ್ಲಿ ಯಾರು ತಪ್ಪು ಬೇಡುತ್ತಿದ್ದೇವೋ ತಿಳಿಯದೆ ತಲೆ ಚಿಟ್ಟು ಹಿಡಿಯಿತು. ಮನೆಗೆ ಬಂದವಳೇ "ನಾ ಹೋಗ್ತೀನಿ. ಮುನ್ನಿನ್ನ ಕರಕೊಂಡೇ ಬರ್ತೀನಿ" ಎಂದೆ.

ಯಜಮಾನರಿಗೆ ಮಂಡಿಯ ಆಪರೇಷನ್ ಆಗಿತ್ತು, ಬರುವಂತಿರಲಿಲ್ಲ. ವೀಸಾ ಕೈಗೆ ಬರುವ ತನಕ ನಾನು ನೆಟ್ಟಗೆ ಊಟ ಮಾಡಲಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಗೇಟು ದಾಟುವಾಗ ಸುಧಾಬಾಯಿ ಸಿಕ್ಕೇಬಿಟ್ಟರು.

"ಕಮಲಾಪುರಕ್ಕೇನ್ರಿ?"

"ಹೌದ್ರಿ."

"ಇಷ್ಟು ದೊಡ್ಡ ಸೂಟ್‌ಕೇಸ್? ಇರ್‍ಲಿ, ಇರ್‍ಲಿ, ಮಗಳ ಜೋಡಿ ನಾಲ್ಕು ದಿನ ಇದ್ದು ಬರ್ರಿ. ಬರೋ ಮುಂದ ಕೆಂಪು ಬಾಳಿಹಣ್ಣು ಮರೀಬ್ಯಾಡ್ರಿ, ಅಲ್ಲಿಂದಂದ್ರ ನಮ್ಮನ್ಯಾಗ ಭಾಳ ಸೇರ್ತದ."

ತರ್ತೀನ್ರಿ ಎಂದು ಆಟೋ ಹತ್ತಿದೆ.

ಆ ಊರಿನ ವಿಮಾನ ನಿಲ್ದಾಣ

ಶಿಲುಬೆ ಇರುವ ಏನನ್ನೂ ತರಬೇಡ ಎಂದು ಪ್ರೇಮಾ ಮೊದಲೇ ಹೇಳಿದ್ದಳು. ಕೊರಳಿನ ಚೈನು ಬಿಚ್ಚಿಟ್ಟು ಬಂದಿದ್ದೆ. ಹೈದರಾಬಾದಿನಿಂದ ಹಿಡಿದು ಅಲ್ಲಿಗೆ ಹೋಗಿ ಇಳಿಯುವ ತನಕ ನನ್ನ ಕೈ ಬರಿ ಕೊರಳಿಗೇ ಹೋಗುತ್ತಿತ್ತು. ಬೈಬಲ್ಲೂ ಇಲ್ಲ, ಹಾಡಿನ ಪುಸ್ತಕವೂ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಥರ್ಮಾಮೀಟರ್ ಇಷ್ಟೇ ಎಂದು ಧೈರ್ಯವಾಗಿದ್ದೆ.

ಕಸ್ಟಮ್ಸಿನಲ್ಲಿ ಸಣ್ಣ ವಯಸ್ಸಿನ ಅಧಿಕಾರಿಯೊಬ್ಬ ನನ್ನ ಸೂಟ್‌ಕೇಸ್ ತೆರೆಯಲು ಹೇಳಿದ. ರೊಟ್ಟಿಯ ಗಂಟು ಎತ್ತಿ ಸುತ್ತಿದ್ದ ಕಾಗದ ಬಿಡಿಸಿದ. ನೋಡಿದರೆ, ಅಯ್ಯ ದೇವರೆ! ರೊಟ್ಟಿ ಕಟ್ಟಿಕೊಟ್ಟವರು ನಮ್ಮ ಯಜಮಾನರು. ಹಳೆಯ ಚರ್ಚ್ ಕ್ಯಾಲೆಂಡರಿನ ಹಾಳೆ ಹರಿದು ಸುತ್ತಿದ್ದಾರೆ. ಏಸುಸ್ವಾಮಿ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾನೆ, ಕೆಳಗೆ ಕನ್ನಡದಲ್ಲಿ ಬೈಬಲ್ ವಚನ.

 ಮಗಳ ಮನೆ ಸೇರುವ ಮೊದಲೇ ಮಗಳ ಸಂಸಾರ ಕೆಡಿಸಿದೆನಲ್ಲ ಎಂದುಕೊಂಡೆ. ಅವನು ಚಿತ್ರವನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ರೊಟ್ಟಿಯನ್ನು ಬೆರಳಿನಿಂದ ಟಕ್ ಟಕ್ ಎಂದು ಬಡಿದ. ನಾನು ಗಡಬಡಿಸಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಆ ಶಬ್ದಕ್ಕೆ ಅವನು ನಕ್ಕು, ಪಕ್ಕದವಳನ್ನೂ ಕರೆದು ತೋರಿಸಿ, ಹೋಗಮ್ಮ ಎಂಬಂತೆ ಕೈ ಮಾಡಿದ. ಕುರಿ ಕಾಯುವವನ ಚಿತ್ರ ಎಂದುಕೊಂಡನೋ ಏನೋ. ಹೊರಗೆ ಬಂದು ಹಾಳೆಯನ್ನು ಮಡಚಿ ಕುಪ್ಪಸದೊಳಗೆ ತುರುಕಿಕೊಂಡೆ.

ಮಗಳ ಮನೆ

ಮುನ್ನಿ ಬಾಗಿಲಲ್ಲೇ ನಿಂತಿದ್ದಳು, ಸೊರಗಿದ್ದಳು. ಚಪ್ಪಲಿ ಬಿಡುವ ಮೊದಲೇ ಅವಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಆಮೇಲೆಯೇ ನನಗೆ ಅಳು ಬಂದದ್ದು.

"ಖರೇ ಜ್ವರಾನೇ ಬಂದಿತ್ತವ್ವ" ಎಂದಳು ಪ್ರೇಮಾ. "ಅದು ಇಳಿಯೋದ್ರಾಗ ಪರವಾನಗಿ ಆಫೀಸಿನವರು ಕರದ್ರು. ಈ ಸಲ ಮುಂದುವರಿಸೋದು ಕಷ್ಟ ಅಂದ್ರು. ಎರಡೂ ಒಮ್ಮೆಲೇ ಬಂದ್ವು. ಎರಡಕ್ಕೂ ನಮ್ಮ ಹತ್ರ ಒಂದೇ ಮಾತು ಇತ್ತು."

ನಾನು ಆಗಲೇ ಬಡಕೊಂಡಿದ್ದೆನಲ್ಲ ಎಂದು ಅಳಿಯನ ಕಡೆ ನೋಡಿದೆ. ಅವನು ನೆಲ ನೋಡಿದ.

ಥರ್ಮಾಮೀಟರ್ ಹಚ್ಚಲು ಕೂತಾಗ ಮುನ್ನಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು, "ಅಜ್ಜಿ, ಇದು ಹಚ್ಚಿದ್ರ ನಮಗ ಕಾಗದ ಸಿಗ್ತದ ಇಲ್ಲ ಗೊತ್ತಾಗ್ತದೇನು?"  ಆ ಕೂಸಿಗೆ ಜ್ವರ ಅಂದರೆ ಆಫೀಸಿನಿಂದ ಬರುವ ರೋಗ.

ಆ ಊರಿನ ಜನ ಮಾತ್ರ ಒಳ್ಳೆಯವರು, ಸುಳ್ಳು ಹೇಳಬಾರದು. ಎಷ್ಟು ಗಾಡಿ ಕೂಡಿದರೂ ಒಬ್ಬರೂ ಹಾರ್ನ್ ಹೊಡೆಯುವುದಿಲ್ಲ. ನಮ್ಮ ಜಗತ್ ಸರ್ಕಲ್ಲಿನಲ್ಲಿ ಸಿಗ್ನಲ್ ಹಸಿರಾಗುವ ಮೊದಲೇ ಹಿಂದಿನವನು ಬೆನ್ನಿಗೆ ಒದರುತ್ತಾನೆ. ಅಲ್ಲಿ ಅಂಗಡಿಗೆ ಹೋದರೂ ಚಪ್ಪಲಿ ಹೊರಗೆ. ಬೆಳಗಾಗುತ್ತಲೇ ಬೋಗುಣಿ ತುಂಬ ಬಿಸಿ ಸಾರು ಕುಡಿಯುತ್ತಾರೆ. ಎದುರು ಮನೆಯ ಮುದುಕಿ ನನ್ನ ಹೆರಳು ಮುಟ್ಟಿ ಮುಟ್ಟಿ ನೋಡಿ ನಗುತ್ತಿದ್ದಳು. ಇಷ್ಟು ಒಳ್ಳೆಯ ನೆರೆಯವರ ಎದುರು ದಿನವೂ ಅರ್ಧ ಬಾಯಿ ಮುಚ್ಚಿಕೊಂಡು ಬದುಕುವುದು ಹೇಗೆ ಎಂದು ನನಗೆ ಸಂಕಟವಾಗುತ್ತಿತ್ತು. ಹೊರಗೆ ಸ್ಕೂಟರ್ ನಿಂತ ಸದ್ದಾದರೆ ಸಾಕು, ಪ್ರೇಮಾಳ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು.

ಭಾನುವಾರ

ಭಾನುವಾರ ಅಡಿಗೆಮನೆಯ ಕಿಟಕಿ ಮುಚ್ಚಿ, ಟೇಬಲ್ ಫ್ಯಾನ್ ಜೋರಾಗಿ ಹಚ್ಚಿ, ದಿನಕರ ಮಿಕ್ಸಿಯ ಪಕ್ಕ ಕೂತ. ಯಾರಾದರೂ ಮೆಟ್ಟಿಲು ಹತ್ತಿದರೆ ಮಿಕ್ಸಿ ಚಾಲೂ ಮಾಡುವುದು ಅವನ ಕೆಲಸ. ಬಂದವರು ಒಬ್ಬೊಬ್ಬರಾಗಿ, ತರಕಾರಿ ಚೀಲ ಹಿಡಿದುಕೊಂಡು ಬಂದರು. ಹಾಡು ಶುರುವಾಯಿತು. ಹಾಡು ಅಂದರೆ ತುಟಿ ಅಲ್ಲಾಡುತ್ತಿದ್ದವು, ಉಸಿರಿನಷ್ಟು ದನಿ ಬರುತ್ತಿತ್ತು, ಅಷ್ಟೇ.

ನಮ್ಮ ಕಲಬುರಗಿಯಲ್ಲಿ ಢೋಲಕ್ ಬಡಿದು, ತಾಳ ಹಾಕಿ, ಕಂಠ ಬಿರಿಯುವಂತೆ ಹಾಡುವವರು ನಾವು. ರಾಗ ಗುರುತು ಸಿಕ್ಕು ನಾನು ಒಂದು ಸಾಲು ಬಾಯಿ ಬಿಟ್ಟು ಹಾಡಿಯೇಬಿಟ್ಟೆ. ಎಲ್ಲರೂ ಬೆಚ್ಚಿ ನನ್ನ ಕಡೆ ತಿರುಗಿದರು. ದಿನಕರ ಗಾಬರಿಯಲ್ಲಿ ಖಾಲಿ ಮಿಕ್ಸಿ ತಿರುವಿದ. ಮುನ್ನಿ ತನ್ನ ಪುಟ್ಟ ಅಂಗೈ ನನ್ನ ಬಾಯಿಗೆ ಒತ್ತಿ "ಹಾಡು ಹಂಗ ಹಾಡಂಗಿಲ್ಲ ಅಜ್ಜಿ" ಎಂದಳು. ಹಾಡನ್ನು ಗಟ್ಟಿಯಾಗಿ ಹಾಡುತ್ತಾರೆಂಬುದೇ ಆ ಕೂಸಿಗೆ ಗೊತ್ತಿರಲಿಲ್ಲ.

ಅವತ್ತೇ ಮಧ್ಯಾಹ್ನ ಮಗಳನ್ನು ಹಿಡಿದು ಕೂರಿಸಿದೆ. "ನೀವಿಬ್ಬರೂ ದೊಡ್ಡವರು, ದೇವರು ಕರದದ್ದು ನಿಮ್ಮನ್ನ. ಮುನ್ನಿನ್ನ ನನ್ನ ಜೋಡಿ ಕಳಸು. ಅಲ್ಲಿ ಅಕಿ ಬಾಯಿ ಬಿಟ್ಟು ಮಾತಾಡಲಿ."

ಪ್ರೇಮಾ ಬಹಳ ಹೊತ್ತು ಬಟ್ಟೆ ಮಡಚುತ್ತಲೇ ಇದ್ದಳು. "ಹೆತ್ತಾಕಿ ನಾನು. ನನಗ ಅಂಜಿಕಿ ಇಲ್ಲಂತ ತಿಳೀಬ್ಯಾಡ ಅವ್ವ. ಕಾಗದ ಆಗಲಿಲ್ಲಂದ್ರ ಎಲ್ಲಾರೂ ಬಂದ್‌ಬಿಡ್ತೀವಿ. ಆಯ್ತಂದ್ರ, ಮುನ್ನಿನ್ನೇ ಕೇಳು. ಬರ್ತೀನಿ ಅಂದ್ರ ನಾ ತಡಿಯಂಗಿಲ್ಲ."

ಅಂದಿನಿಂದ ನಾನು ಬೇರೆಯೇ ಪ್ರಾರ್ಥನೆ ಶುರು ಮಾಡಿದೆ. ಕಲಬುರಗಿಯಲ್ಲಿ ಇಡೀ ಚರ್ಚು ಜ್ವರ ಇಳಿಯಲಿ ಎಂದು ಬೇಡುತ್ತಿತ್ತು. ಜೀವಮಾನವೆಲ್ಲ ರೋಗಿಗಳ ಜ್ವರ ಇಳಿಸಿದ ನರ್ಸು ನಾನು, ಇದೊಂದು ಜ್ವರ ಇಳಿಯದಿರಲಿ ತಂದೆ ಎಂದು ಬೇಡುತ್ತಿದ್ದೆ.

ಸಾಹೇಬರು ಬಂದ ದಿನ

ಮಗಳು, ಅಳಿಯ ಇಬ್ಬರೂ ಕೈಕಾಲು ಸ್ವಾಧೀನವಿಲ್ಲದ ಮಕ್ಕಳ ಕೇಂದ್ರಕ್ಕೆ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಮುನ್ನಿ. ಬಾಗಿಲು ಬಡಿದ ಸದ್ದಿಗೆ ತೆಗೆದರೆ ಯೂನಿಫಾರಂ ಹಾಕಿದ ಒಬ್ಬ ಹಿರಿಯ, ಫೈಲು ಹಿಡಿದ ಒಬ್ಬ ಹುಡುಗಿ. ಪರವಾನಗಿ ಆಫೀಸಿನವರು. ಚಪ್ಪಲಿ ಹೊರಗೆ ಬಿಟ್ಟು, ತಲೆ ಬಾಗಿಸಿ ಒಳಗೆ ಬಂದು ಕೂತರು.  ಕುಪ್ಪಸದ ಕ್ಯಾಲೆಂಡರ್ ಹಾಳೆ ಹರಿದು ಒಲೆಗೆ ಹಾಕಿದ್ದೆನೋ ಇಲ್ಲವೋ ಎಂಬುದೇ ನೆನಪಾಗಲಿಲ್ಲ.

ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು. ನಡುವೆ ಮುನ್ನಿ. ಸಾಹೇಬ ಕೇಳಿದ್ದನ್ನು ನನಗೆ ಹೇಳಬೇಕು, ನಾನು ಹೇಳಿದ್ದನ್ನು ಅವನಿಗೆ ಹೇಳಬೇಕು.

"ಅಜ್ಜಿ, ನೀ ಯಾಕ ಬಂದಿ ಅಂತ ಕೇಳಾಕತ್ತಾರ."

"ಮೊಮ್ಮಗಳಿಗೆ ಜ್ವರ ಬಂದಿತ್ತು, ನೋಡಾಕ ಬಂದೀನಿ ಅಂತ ಹೇಳವ್ವ" ಎಂದುಬಿಟ್ಟೆ.

ಮುನ್ನಿ ಬಾಯಿ ತೆರೆದವಳು ಹಾಗೇ ನಿಂತಳು. ನನ್ನ ಕಡೆ ತಿರುಗಿ "ಯಾವ ಜ್ವರ ಅಜ್ಜಿ?" ಎಂದಳು.

ಅಯ್ಯೋ ನನ್ನ ಬಾಯಿಗಿಷ್ಟು! ಇವಳು ‘ಕಾಗದದ ತಂಟೆ ಎಂದು ಬಂದಳು’ ಎಂದರೆ ಮುಗಿಯಿತು. "ಮೈ ಬಿಸಿ ಜ್ವರ! ಮೈ ಬಿಸಿ!" ಎಂದು ಅವಳ ಹಣೆ ಮುಟ್ಟಿ, ಓಡಿ ಹೋಗಿ ಥರ್ಮಾಮೀಟರ್ ತಂದು ಸಾಹೇಬನ ಮುಂದೆ ಹಿಡಿದೆ. ಅವನು ಗಾಬರಿಯಾಗಿ ಸ್ವಲ್ಪ ಹಿಂದೆ ಸರಿದು ಕೂತ. ಮುನ್ನಿ ಏನೋ ಹೇಳಿದಳು, ಹುಡುಗಿ ಬರೆದುಕೊಂಡಳು.

ಸಾಹೇಬ ಇನ್ನೊಂದು ಕೇಳಿದ. "ನಿನ್ನ ಊರು ಯಾವುದು ಅಂತ, ಅಜ್ಜಿ."

ಕಲಬುರಗಿ ಅನ್ನಬೇಕಿತ್ತು. ಪಾಸ್‌ಪೋರ್ಟಿನಲ್ಲಿ ಇರುವುದೂ ಅದೇ. ಆದರೆ ಹೆದರಿದ ಹೆಣ್ಣಿಗೆ ಮೊದಲು ಬಾಯಿಗೆ ಬರುವುದು ತವರು. "ಕಮಲಾಪುರ" ಎಂದೆ.

ಮುನ್ನಿಯ ಮುಖ ಅರಳಿತು. ಸಾಹೇಬನ ಕಡೆ ತಿರುಗಿ, ಮೊದಲ ಸಲ ಗಟ್ಟಿಯಾಗಿ, ಎರಡೂ ಕೈ ಚಾಚಿ ಏನೋ ಹೇಳಿದಳು. ಸಾಹೇಬ, ಆ ಹುಡುಗಿ ಮುಖಮುಖ ನೋಡಿಕೊಂಡರು. ಆಮೇಲೆ ಸಾಹೇಬ ಮೈಯೆಲ್ಲ ಕುಲುಕಿ ನಕ್ಕ. ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ನನಗೆ ತಲೆ ಬಾಗಿಸಿದ. ನಾನು ಕೊಟ್ಟ ರೊಟ್ಟಿಯ ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದ.

ಪ್ರೇಮಾ ಬಂದವಳೇ ಮುನ್ನಿಯನ್ನು ಹಿಡಿದು ವಿಚಾರಿಸಿದಳು. ಮುನ್ನಿ ಮತ್ತೆ ಪಿಸುದನಿಯಲ್ಲಿ ಹೇಳಿದಳು, "ನಿನ್ನ ಊರು ಯಾವುದು ಅಂದ್ರು. ಅಜ್ಜಿ ಕಮಲಾಪುರ ಅಂದ್ಲು. ನಾ ಈ ದೇಶದ ಹೆಸರು ಹೇಳಿದೆ. ಅಜ್ಜಿ ಇದೇ ತನ್ನ ಊರು ಅಂತಾಳ ಅಂದೆ. ಸಾಹೇಬ್ರಿಗೆ ಭಾಳ ಖುಷಿ ಆತು."

ಪ್ರೇಮಾ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ನಾನು ನಗಲಿಲ್ಲ. ಕಾಗದ ಆಗದಿರಲಿ ಎಂದು ಬೇಡುತ್ತಿದ್ದವಳ ಬಾಯಿಂದಲೇ ಆ ಮಾತು ಬಂತಲ್ಲ ಎಂದುಕೊಂಡು ಥರ್ಮಾಮೀಟರನ್ನು ಒರೆಸಿ ಒಳಗಿಟ್ಟೆ.

ಹೊರಡುವ ದಿನ ತಡೆಯದೆ ಮುನ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ. "ನನ್ನ ಜೋಡಿ ಕಮಲಾಪುರಕ್ಕ ಬರ್ತಿಯೇನವ್ವ? ಕೆಂಪು ಬಾಳಿಹಣ್ಣು ಕೊಡಸ್ತೀನಿ."

ಅವಳು ನನ್ನ ಗಲ್ಲ ಹಿಡಿದು, ತಿಳಿಯದವಳಿಗೆ ತಿಳಿಸಿ ಹೇಳುವಂತೆ, "ಕಮಲಾಪುರದಾಗೇ ಅದೀವಲ್ಲ ಅಜ್ಜಿ" ಎಂದಳು.

ಅವಳನ್ನು ತೊಡೆಯಿಂದ ಇಳಿಸಿ ಸೂಟ್‌ಕೇಸ್ ಮುಚ್ಚಿದೆ.

ಬಸ್ಸು ಹತ್ತಿ ಹೋಗುವ ಕಮಲಾಪುರ

ಕಲಬುರಗಿಗೆ ಬಂದ ಮರುದಿನವೇ ಸುಧಾಬಾಯಿ ಕಾಂಪೌಂಡಿನ ಆಚೆಯಿಂದ "ಬಾಳಿಹಣ್ಣು ತಂದ್ರೇನ್ರಿ?" ಎಂದರು. ಚೀಲ ಮರೆತು ಬಂದೆ, ನಾಳೆ ಬರುತ್ತದೆ ಎಂದು ತೊದಲಿ, ಯಜಮಾನರನ್ನು ಎಬ್ಬಿಸಿಕೊಂಡು ನಿಜವಾದ ಕಮಲಾಪುರದ ಬಸ್ಸು ಹತ್ತಿದೆ. ಸುಧಾಬಾಯಿ ಇದನ್ನು ಓದಿದರೆ ದಯವಿಟ್ಟು ಸಿಟ್ಟಾಗಬಾರದು. ಬಾಳೆಹಣ್ಣು ಮಾತ್ರ ಅಸಲಿ ಕಮಲಾಪುರದ್ದೇ.

ಹಣ್ಣು ಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಫೋನು ಗುಂಯ್ ಎಂದಿತು. ಯಜಮಾನರು ಕನ್ನಡಕ ಏರಿಸಿ ಓದಿದರು, "ಜ್ವರ ಪೂರಾ ಇಳೀತು. ಅಪ್ಪ ಇಲ್ಲೇ ಇರ್‍ರಿ ಅಂದಾನ." ತಲೆಯೆತ್ತಿ ಸಿಡಿಮಿಡಿಗೊಂಡರು. "ನಾ ಯಾವಾಗ ಅಂದೆ? ನಾ ಬರ್ರಿ ಬರ್ರಿ ಅಂತ ಬಡಕೊಳ್ಳಾಕತ್ತೀನಿ."

"ನೀವಲ್ರೀ. ಅಂದಾನ ಅಂತ ಬರದಾಳ, ನೋಡ್ರಿ."

ಅವರು ಇನ್ನೊಮ್ಮೆ ಓದಿದರು. ಆಮೇಲೆ ಬಾಳೆಹಣ್ಣಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಅಷ್ಟರಲ್ಲಿ ಇನ್ನೊಂದು ಮೆಸೇಜು, ಈ ಸಲ ಮುನ್ನಿಯ ದನಿ. ಸುತ್ತಲೂ ಕಂಡಕ್ಟರುಗಳು ಕಲಬುರಗಿ, ಹುಮನಾಬಾದ್ ಎಂದು ಕೂಗುತ್ತಿದ್ದರು. ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಅಜ್ಜಿ, ಕಮಲಾಪುರಕ್ಕ ಮತ್ತ ಯಾವಾಗ ಬರ್ತಿ?"

ನಾನು ಹುಟ್ಟಿ ಬೆಳೆದ ಊರಿನ ನಟ್ಟನಡುವೆ ಕೂತಿದ್ದೆ. ಎಷ್ಟು ಗಟ್ಟಿಯಾಗಿ ಕೂಗಿದರೂ ತಡೆಯುವವರಿಲ್ಲ. ಆದರೂ ಫೋನನ್ನು ತುಟಿಯ ಹತ್ತಿರ ತಂದು, ಪಕ್ಕದಲ್ಲಿದ್ದ ಗಂಡನಿಗೂ ಕೇಳಿಸದ ಹಾಗೆ, "ಬರ್ತೀನವ್ವ" ಎಂದು ಪಿಸುಗುಟ್ಟಿದೆ.